ಕಡಿಮೆ ಕೂಗಿದ ಅಳತೆ

ನನ್ನದು ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಸಣ್ಣ ಅಂಗಡಿ. ಬೀದಿಯವರಿಗೆಲ್ಲ ನಾನು ಗುಂಡಿಯಕ್ಕ. ಪಕ್ಕದ ಬಾಗಿಲೇ ಟೈಲರಮ್ಮನದು. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವಳ ಮಿಷನ್ನು ಓಡಿದರೆ ನನ್ನ ಡಬ್ಬಿಗಳೊಳಗೆ ಗುಂಡಿಗಳು ಸಣ್ಣಗೆ ಸದ್ದು ಮಾಡುತ್ತವೆ. ಹಾಗಾಗಿ ಅವಳ ಸಂಸಾರದ ವಿಷಯ ನನಗೆ ತಿಳಿದಷ್ಟು ಇನ್ಯಾರಿಗೂ ತಿಳಿಯದು. ಕಿವಿ ಕೊಟ್ಟೇ ಕೇಳಿದ್ದೇನೆ, ಸುಳ್ಳೇಕೆ ಹೇಳಲಿ.

ಹನ್ನೊಂದು ವರ್ಷ ಗಂಡ ಹೆಂಡತಿ ಇಬ್ಬರೂ ಸೇರಿ ಆ ಅಂಗಡಿ ನಡೆಸಿದರು. ಅವನು ಕಟಿಂಗ್ ಮಾಸ್ಟರ್. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅವನ ಕೆಲಸ. ಹೊಲಿಯುವುದು ಇವಳದು. ಅವನು ಗಿರಾಕಿಯ ಮೈಗೆ ಟೇಪು ಸುತ್ತಿ ಅಂಕಿ ಕೂಗುತ್ತಿದ್ದ. ಇವಳು ಕೂತಲ್ಲಿಂದಲೇ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವನ ಮಾತೋ, ಬೆಣ್ಣೆ. ಹರಿದ ಶರಟು ಹೊಲಿಸಲು ಬಂದವರು ಹೊಸ ಶರಟಿಗೆ ಅಳತೆ ಕೊಟ್ಟು ಹೋಗುತ್ತಿದ್ದರು. ನನಗೂ ಅವನೆಂದರೆ ಇಷ್ಟವೇ ಇತ್ತು.

ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಕೈಚೀಲ ಹಿಡಿದು ಅಂಗಡಿಯ ಮುಂದೆ ನಿಂತ. "ಇಲ್ಲಿ ಉಸಿರು ಕಟ್ದಂಗೆ ಆಗ್ತಾ ಇದೆ. ಸ್ವಲ್ಪ ದಿನ ಬೇರೆ ಕಡೆ ಇದ್ದು ಬರ್ತೀನಿ" ಎಂದ. ಅಷ್ಟೇ. ಜಗಳವಿಲ್ಲ, ಕದನವಿಲ್ಲ, ಇದ್ದಿದ್ದರೆ ಹಲಗೆಯಾಚೆ ನನಗಾದರೂ ಕೇಳಿಸುತ್ತಿತ್ತು. ಬೇರೆ ಹೆಂಗಸಿನ ಸುದ್ದಿಯೂ ಇಲ್ಲ. ದೂರದ ಊರಲ್ಲಿ ಸಿದ್ಧ ಉಡುಪಿನ ದೊಡ್ಡ ಅಂಗಡಿ ಸೇರಿದ್ದಾನೆ ಎಂದು ಆಮೇಲೆ ತಿಳಿಯಿತು. ವರ್ಷ ಕಳೆದ ಮೇಲೆ ವಿಚ್ಛೇದನದ ಕಾಗದ ಬಂತು. ಇವಳು ಓದಿ, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಸಹಿ ಹಾಕಿ ಕಳಿಸಿದಳು.

"ಇಲ್ಲಿಗಾದ್ರೂ ಮುಗೀತು ತಾನೆ?" ಎಂದು ಕೇಳಿದೆ.

"ಸಹಿ ಕೇಳಿದ್ರು, ಹಾಕ್ದೆ. ಬರಲ್ಲ ಅಂತ ಅವರ ಬಾಯಲ್ಲಿ ಬಂದಿಲ್ವಲ್ಲ ಅಕ್ಕ."

ಇಂಥವಳಿಗೆ ಏನು ಹೇಳುವುದು? ಕತ್ತರಿಸುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮುಚ್ಚಿಟ್ಟಳು. ದಿನಾ ಬೆಳಿಗ್ಗೆ ಆ ಬಟ್ಟೆ ಎತ್ತಿ, ಮೇಜು ಒರೆಸಿ, ಮತ್ತೆ ಮುಚ್ಚುತ್ತಿದ್ದಳು. ಹೊಸ ಬಟ್ಟೆ ತಂದವರಿಗೆಲ್ಲ ಒಂದೇ ಉತ್ತರ, "ಮಾಸ್ಟರು ಊರಲ್ಲಿಲ್ಲ." ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಹರಿದ ಜೇಬು, ಇಷ್ಟರಲ್ಲೇ ಅವಳ ದಿನ ಹೋಗುತ್ತಿತ್ತು. ಬಾಗಿಲಲ್ಲಿ ಗಂಡಸಿನ ನೆರಳು ಬಿದ್ದರೆ ಮಿಷನ್ನು ಗಕ್ಕನೆ ನಿಲ್ಲುತ್ತಿತ್ತು. ಬಂದವನು ಬೇರೆಯವನೆಂದು ಗೊತ್ತಾಗಿ ಮತ್ತೆ ಓಡತೊಡಗುವವರೆಗೆ ಗೋಡೆಯ ಈಚೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಮೊದಲ ವರ್ಷ "ಕಾಯ್ತಾ ಇರು, ಬರ್ತಾನೆ" ಎಂದು ಧೈರ್ಯ ಹೇಳಿದವಳು ನಾನೇ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅವನಿದ್ದಾಗ ನನ್ನ ಗುಂಡಿಗಳಲ್ಲಿ ಅರ್ಧದಷ್ಟು ಅವರ ಅಂಗಡಿಗೇ ಹೋಗುತ್ತಿದ್ದವು. ಎರಡನೆಯ ವರ್ಷ ನನಗೇ ತಲೆಕೆಟ್ಟಿತು. ನಲವತ್ತೊಂದರ ಹೆಂಗಸು, ಕೈಯಲ್ಲಿ ಬಂಗಾರದಂಥ ಕೆಲಸ, ಕಂಡವರ ಹಳೇ ಪ್ಯಾಂಟು ಬಿಚ್ಚುತ್ತ ಕೂತಿದ್ದಾಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. "ನೀನೇ ಕತ್ತರಿಸು" ಎಂದೆ. "ಅವರು ಬಂದಾಗ ಮೇಜು ಖಾಲಿ ಇರ್ಬೇಕು ಅಕ್ಕ" ಎಂದಳು.

ಈ ಹಟ ಮುರಿದದ್ದು ಅಂಚೆಯಣ್ಣ. ಮೂವತ್ತು ವರ್ಷ ಈ ಬೀದಿಗೆ ಕಾಗದ ಹಂಚಿದವನು. ನಿವೃತ್ತಿಗೆ ಇಪ್ಪತ್ತು ದಿನವಿದೆ ಎನ್ನುವಾಗ ಮಗಳು ಕಳಿಸಿದ ಕಡುನೀಲಿ ಬಟ್ಟೆ ಹಿಡಿದುಕೊಂಡು ಬಂದ. "ಬೀಳ್ಕೊಡುಗೆ ದಿನ ಕೋಟು ಹಾಕ್ಕೋಬೇಕು. ಬೇರೆ ಕಡೆ ಹೊಲಿಸಲ್ಲ ತಂಗಿ, ನೀನೇ ಹೊಲೀಬೇಕು" ಎಂದು ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟು ಹೋಗಿಯೇಬಿಟ್ಟ. ಅವಳು ಆ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಳತೆ ಪುಸ್ತಕ ಇದೆಯಲ್ಲ. ಅವನ ಅಳತೆ ಅದರಲ್ಲೇ ಇರುತ್ತೆ. ಆ ಮನುಷ್ಯ ಒಂದು ಚೂರೂ ದಪ್ಪ ಆಗಿಲ್ಲ. ಕತ್ತರಿಸು, ನಾನಿದ್ದೀನಿ" ಎಂದೆ.

ಎರಡು ದಿನ ಯೋಚಿಸಿ ಮೇಜಿನ ಬಟ್ಟೆ ತೆಗೆದಳು. ಎದೆ ಮೂವತ್ತೆಂಟು ಎಂದು ಅವಳದೇ ಅಕ್ಷರದಲ್ಲಿತ್ತು. ಕೋಟು ಸಡಿಲ ಕೂರಲು ಎಷ್ಟು ಬಿಡಬೇಕೋ ಅಷ್ಟು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಣ್ಣು ಕಿರಿದು ಮಾಡಿಕೊಂಡು ಕತ್ತರಿಸಿದಳು. ವಾರದೊಳಗೆ ಕೋಟು ಸಿದ್ಧವಾಯಿತು. ನಾನು ಡಬ್ಬಿಯಲ್ಲಿದ್ದ ಒಳ್ಳೆಯ ಗುಂಡಿ ಆರಿಸಿ ಕೊಟ್ಟೆ. ಅಂಚೆಯಣ್ಣ ಬಂದು ತೊಟ್ಟ. ಗುಂಡಿ ಕಾಜಕ್ಕೆ ಎಟುಕಲಿಲ್ಲ. ಉಸಿರು ಒಳಗೆಳೆದ, ಹೊಟ್ಟೆ ಒಳಗೆಳೆದ. ಆಗಲೂ ಮೂರು ಬೆರಳು ಕಡಿಮೆ.

"ನಾನೇ ದಪ್ಪ ಆಗ್ಬಿಟ್ಟಿದ್ದೀನಿ ಅನ್ಸುತ್ತೆ" ಎಂದ, ಪಾಪ.

ಅವಳು ಕೋಟು ಬಿಚ್ಚಿಸಿ ಪಕ್ಕಕ್ಕಿಟ್ಟಳು. ಅವನು ತೊಟ್ಟು ಬಂದಿದ್ದ ಶರಟು ಕೇಳಿ ಪಡೆದಳು. ಅದು ಮಾಸ್ಟರು ಕತ್ತರಿಸಿ ಇವಳು ಹೊಲಿದ ಹಳೆಯ ಶರಟು. ಮೇಜಿನ ಮೇಲೆ ಹರಡಿ ಅಳೆದಳು, ಪುಸ್ತಕ ನೋಡಿದಳು, ಮತ್ತೆ ಅಳೆದಳು. ಆಮೇಲೆ ಟೇಪನ್ನು ಅಂಚೆಯಣ್ಣನ ಎದೆಗೇ ಸುತ್ತಿದಳು. ನಲವತ್ತೆರಡು.

ಮಾಸ್ಟರು ಗಿರಾಕಿಗಳ ಮುಂದೆ ಅಳತೆಯನ್ನು ಕಡಿಮೆ ಮಾಡಿ ಕೂಗುತ್ತಿದ್ದ! ಯಾರಿಗೆ ತಾನೆ ತೆಳ್ಳಗಿದ್ದೇನೆ ಅನ್ನಿಸಿಕೊಳ್ಳಲು ಆಸೆಯಿಲ್ಲ? ಒಬ್ಬರಿಗೆ ಎರಡಿಂಚು, ಇನ್ನೊಬ್ಬರಿಗೆ ನಾಲ್ಕು. ನಿಜವಾದ ಅಂಕಿ ತಲೆಯಲ್ಲಿಟ್ಟುಕೊಂಡು ಕತ್ತರಿಸುತ್ತಿದ್ದ. ಕತ್ತರಿಸಿದ ತುಂಡುಗಳನ್ನು ಜೋಡಿಸುವವಳಿಗೆ ಅದು ತಿಳಿಯುವುದಾದರೂ ಹೇಗೆ? ಹನ್ನೊಂದು ವರ್ಷ ಅವನು ಕೂಗಿದ್ದನ್ನೆಲ್ಲ ನಂಬಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಳು. ನನ್ನ ಪುಟವನ್ನೂ ತೆಗೆದು ನೋಡಿದೆ. ಸೊಂಟ ಮೂವತ್ತಾರು! ಅದನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೆನೋ.

ಮರುದಿನ ಮಧ್ಯಾಹ್ನ ನನ್ನನ್ನು ಕರೆದಳು. "ಅಕ್ಕ, ಇಲ್ಲೇ ಇರಿ" ಎಂದು ಹೇಳಿ ಅವನಿಗೆ ಫೋನು ಮಾಡಿದಳು. ಎರಡು ವರ್ಷದಲ್ಲಿ ಅದೇ ಮೊದಲು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಬರಬೇಕೆಂದು ಕೇಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಇಷ್ಟು: "ಯಾರ್ಯಾರಿಗೆ ಎಷ್ಟೆಷ್ಟು ಕಡಿಮೆ ಹೇಳಿದ್ರಿ? ಪುಸ್ತಕ ಸರಿ ಮಾಡ್ಕೋಬೇಕು."

ಅವನು ನಕ್ಕ. ಅದೇ ಹಳೆಯ ನಗು. "ಅದೆಲ್ಲ ಹೇಗೆ ನೆನಪಿರುತ್ತೆ? ಎದುರಿಗೆ ಆಳು ನಿಂತ್ರೆ ಹೇಳ್ತೀನಿ." ಆಮೇಲೆ ದನಿ ಮೆತ್ತಗೆ ಮಾಡಿಕೊಂಡು, "ಬರ್ಲಾ?" ಎಂದ.

ಅವಳು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಆ ಒಂದು ಮಾತಿಗಾಗಿ ಅವಳು ಕಾದದ್ದನ್ನು ಕಂಡವಳು ನಾನು. "ಬಾ ಅನ್ನು" ಎಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು.

"ಬಂದ್ರೆ ಇರ್ತೀರಾ?"

"ಇರ್ದೆ ಏನು? ಮೊದಲು ಬರ್ತೀನಿ, ಆಮೇಲೆ ನೋಡೋಣ."

"ಈ ಮಾತಲ್ಲಿ ಎಷ್ಟು ಇಂಚು ಕಡಿಮೆ ಮಾಡಿದ್ದೀರಿ ಅಂತ ನನಗೆ ಗೊತ್ತಾಗಲ್ಲ ರೀ" ಎಂದಳು. ಗಲಾಟೆಯಿಲ್ಲ, ಸಿಟ್ಟಿಲ್ಲ. "ನಾನು ಯಾವತ್ತೂ ಅಳೆದು ನೋಡಿದವಳಲ್ಲ. ಬೇಡ ಬಿಡಿ, ಬರಬೇಡಿ. ನಾನೇ ಎಲ್ಲರನ್ನೂ ಕರೆದು ಅಳೆದುಕೊಳ್ತೀನಿ."

ಫೋನು ಇಟ್ಟ ಮೇಲೆ ಮೇಜಿಗೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ. ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು.

ಕೆಟ್ಟುಹೋದ ಕೋಟನ್ನು ಬಿಚ್ಚಿದಳು. ತೋಳಿನ ಬಟ್ಟೆ ತೆಗೆದು ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟರೆ ತೋಳಿಲ್ಲದ ಕೋಟಾದರೂ ಆಗುತ್ತದೆ ಎಂದಳು. ಅಂಚೆಯಣ್ಣ ಸಂತೋಷದಿಂದಲೇ ಒಪ್ಪಿದ. ಮತ್ತೆ ಅಳತೆ ಕೊಡಲು ಬಂದು ಕೈ ಎತ್ತಿ ನಿಂತ. ಅವಳು ಹೊಸ ಪುಸ್ತಕವೊಂದನ್ನು ನನ್ನ ಕೈಗೆ ಕೊಟ್ಟು, "ನಾನು ಕೂಗ್ತೀನಿ, ನೀವು ಬರೀರಿ" ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರದೋ ನೆರಳು ಬಿತ್ತು. ಅವಳ ಕೈ ನಿಂತಿತು, ತಿರುಗಿ ನೋಡಿಯೇಬಿಟ್ಟಳು. ಜಿಪ್ಪು ಕೇಳಿಕೊಂಡು ನನ್ನನ್ನು ಹುಡುಕಿ ಬಂದವರು.

ಅವಳು ನನ್ನ ಮುಖ ನೋಡಿದಳು. "ಕಾಯೋದು ಬಿಟ್ಟಿದ್ದೀನಿ ಅಕ್ಕ, ನಿಜವಾಗ್ಲೂ. ಈ ಎದೆ ಇನ್ನೂ ಬಿಟ್ಟಿಲ್ಲ, ಅಷ್ಟೇ" ಎಂದಳು. ಆಮೇಲೆ ಟೇಪನ್ನು ಸರಿಮಾಡಿ ಹಿಡಿದು, ಬೀದಿಗೇ ಕೇಳುವಂತೆ "ನಲವತ್ತೆರಡು" ಎಂದು ಕೂಗಿದಳು. ನಾನು ಬರೆದುಕೊಂಡೆ.