ಔರಾದದ ಹುಡುಗಿಯರು ಬೀದರಿಗೆ ಹೊರಟಾಗ

ಆ ವರ್ಷ ನನ್ನ ಕೆಲಸವೆಲ್ಲ ಒಂದು ದೊಡ್ಡ ಬ್ಯಾಗಿನಲ್ಲಿ ಹಿಡಿಯುತ್ತಿತ್ತು. ಐದು ಹಳೆಯ ಲ್ಯಾಪ್‌ಟಾಪ್, ಉದ್ದ ವೈರಿನ ಒಂದು ಪ್ಲಗ್ ಬೋರ್ಡು, ಬಣ್ಣದ ಕಾಗದ, ಸ್ಕೆಚ್ ಪೆನ್ನು. ವಾರದ ಮೊದಲ ಎರಡು ದಿನ ಭಾಲ್ಕಿ ಕಡೆಯ ಒಂದು ಪ್ರೌಢಶಾಲೆ, ಗುರುವಾರ ಮತ್ತು ಶುಕ್ರವಾರ ಔರಾದ ತಾಲ್ಲೂಕಿನ ಒಂದು ಊರಿನ ಶಾಲೆ. ಒಂಬತ್ತನೇ ತರಗತಿಯ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಬೇಕು. ಜೊತೆಗೆ ನಾಲ್ಕು ಜನರ ಮುಂದೆ ಮಾತಾಡುವುದು, ಬೇಡವಾದದ್ದಕ್ಕೆ ಬೇಡ ಎನ್ನುವುದು, ಜಗಳವಾದರೆ ಕೂತು ಬಗೆಹರಿಸುವುದು, ಇವನ್ನೆಲ್ಲ ಆಟವಾಡಿಸುತ್ತ ಕಲಿಸಬೇಕು. ಬೀದರದ ಒಂದು ಸಣ್ಣ ಸಂಸ್ಥೆ ನನ್ನನ್ನು ಇದಕ್ಕೆ ತೆಗೆದುಕೊಂಡಿತ್ತು. ನಾನು ಮನ್ನಳ್ಳಿಯವಳು, ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ನಾಲ್ಕು ಜನರ ಮುಂದೆ ನಿಂತರೆ ನನಗೇ ಬಾಯಿ ಒಣಗುತ್ತದೆ ಎಂಬುದನ್ನು ಸಂದರ್ಶನದಲ್ಲಿ ಹೇಳಿರಲಿಲ್ಲ.

ಔರಾದದ ಶಾಲೆಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಎರಡನೇ ವಾರ ಚೀಟಿ ಹಾಕಿ ನಾಯಕಿಯನ್ನು ಆರಿಸಿ ಎಂದೆ. ತರಗತಿಗೆ ಮೊದಲು ಬರುವ ಶಾಂತ ಹುಡುಗಿಯೊಬ್ಬಳಿದ್ದಳು, ಅವಳೇ ಗೆಲ್ಲುತ್ತಾಳೆಂದು ನಾನು ಅಂದುಕೊಂಡಿದ್ದೆ. ಚೀಟಿ ಬಿಚ್ಚಿ ನೋಡಿದರೆ ಒಂಬತ್ತು ಮತ ಬಿದ್ದದ್ದು ಶಿಕ್ಷಕರೆಲ್ಲ ‘ಬಾಯಿಬಡಕಿ’ ಎಂದು ಕರೆಯುವ ಹುಡುಗಿಗೆ. ಬೇರೆಯವರು ಮಾತು ಶುರು ಮಾಡುವ ಮೊದಲೇ ತಾನು ಮುಗಿಸುವವಳು ಅವಳು. ಯಾಕೆ ಇವಳನ್ನೇ ಆರಿಸಿದಿರಿ ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬಳು ಹೇಳಿದಳು, "ಅಕಿ ಯಾರಿಗೂ ಅಂಜಂಗಿಲ್ಲರಿ ಮೇಡಂ. ಹೆಡ್‌ಮಾಸ್ತರಿಗೂ ಅಂಜಂಗಿಲ್ಲ."

ನನಗೆ ಸ್ವಲ್ಪ ದಿಗಿಲಾಯಿತು. ಆದರೆ ಚುನಾವಣೆ ಚುನಾವಣೆಯೇ.

ಚಳಿ ಕಡಿಮೆಯಾಗುತ್ತಿದ್ದ ದಿನಗಳಲ್ಲಿ ಆಫೀಸಿನಿಂದ ಸುದ್ದಿ ಬಂತು. ಭಾಲ್ಕಿ ಮತ್ತು ಔರಾದದ ಹುಡುಗಿಯರಿಗೆ ಒಟ್ಟಿಗೆ ಬೀದರದಲ್ಲಿ ಮೂರು ದಿನದ ಶಿಬಿರ. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಇಲ್ಲಿ ಒಂದು ಲ್ಯಾಪ್‌ಟಾಪಿಗೆ ಎರಡು ಮೂರು ತಲೆಗಳು ಬಾಗುತ್ತಿದ್ದವಲ್ಲ, ಆ ಮಾತು ಕೇಳಿಯೇ ಹುಡುಗಿಯರು ಬೆಂಚು ಬಡಿದರು. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಒಪ್ಪಿಗೆ ಪತ್ರ ಕೊಟ್ಟು ಕಳಿಸಿದೆ. ಮರುದಿನ ಸಹಿಯಾಗಿ ಬಂದದ್ದು ಮೂರೇ ಮೂರು.

ನಾನು ಮನೆಮನೆಗೆ ಹೋಗಿ ಕೇಳುತ್ತೇನೆ ಎಂದೆ. ನಾಯಕಿ ತಲೆಯಾಡಿಸಿದಳು. "ನೀವು ಹೋದ್ರ ನಿಮಗ ಚಾ ಕೊಟ್ಟು, ಹೂಂ ಹೂಂ ಅಂದು ಕಳಸ್ತಾರ್ರಿ. ಆಮ್ಯಾಲ ನಮಗ ಬೈತಾರ. ಎಲ್ಲರಿಗೂ ಸಾಲಿಗಿ ಕರಸಮು. ನಾವೇ ಮಾತಾಡ್ತೇವಿ."

ಮುಂದಿನ ಎರಡು ವಾರ ಆ ತರಗತಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈಯಲ್ಲಿ ಹುರುಪು ಬರುತ್ತದೆ. ಐದು ಜನ ಅಪ್ಪಂದಿರಾದರು. ದುಪಟ್ಟಾವನ್ನು ತಲೆಗೆ ಪಟಗದ ಹಾಗೆ ಸುತ್ತಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಅಪ್ಪಂದಿರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಕೇಳಿದರು. ಉಳಿದವರು ಉತ್ತರ ಕೊಡಬೇಕು. ಎಲ್ಲಿ ಮಲಗುತ್ತೀರಿ, ಯಾರು ಜೊತೆಗಿರುತ್ತಾರೆ, ಹುಷಾರಿಲ್ಲದಿದ್ದರೆ ಏನು ಮಾಡುತ್ತೀರಿ, ತೊಗರಿ ರಾಶಿಯ ಕೆಲಸ ಯಾರು ಮಾಡುತ್ತಾರೆ. ಉತ್ತರ ಸಿಗದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ನನ್ನನ್ನು ಕೇಳಿದರು. ನಾನು ಆಫೀಸಿಗೆ ಫೋನು ಮಾಡಿ ಉತ್ತರ ತಂದೆ. ಅದನ್ನೆಲ್ಲ ಅವರು ಲ್ಯಾಪ್‌ಟಾಪಿನಲ್ಲಿ ಕೂತು ಒಂದು ಪುಟದಲ್ಲಿ ಟೈಪ್ ಮಾಡಿದರು, ಕೆಳಗೆ ಅದನ್ನೇ ಮರಾಠಿಯಲ್ಲೂ. ಮರಾಠಿಯ ಭಾಗ ಮಾಡಿದ್ದು ಮೊದಲು ಹೇಳಿದ ಆ ಶಾಂತ ಹುಡುಗಿ. ಅವಳ ಮನೆಯ ಮಾತು ಮರಾಠಿ. ನಾನು ಭಾಲ್ಕಿಗೆ ಹೋದಾಗ ಪ್ರಿಂಟ್ ತೆಗೆಸಿ ತಂದುಕೊಟ್ಟೆ. ತಾವು ಟೈಪ್ ಮಾಡಿದ್ದು ಅಚ್ಚಾಗಿ ಬಂದದ್ದನ್ನು ಅವರು ಮೂಸಿ ನೋಡಿದರು.

ಸಭೆಯ ದಿನ ಹದಿನೈದು ಇಪ್ಪತ್ತು ಜನ ಬಂದರು. ತಾಯಂದಿರು ಗೋಡೆಗೆ ಒರಗಿ ಕೂತರು, ಗಂಡಸರು ಬಾಗಿಲ ಹತ್ತಿರ ನಿಂತರು. ಹುಡುಗಿಯರು ಪುಟಗಳನ್ನು ಹಂಚಿದರು. ಆ ಶಾಂತ ಹುಡುಗಿಯ ಅಪ್ಪನೇ ಮೊದಲು ಬಾಯಿ ತೆರೆದ.

"ಮೇಡಂ, ಕಂಪ್ಯೂಟರ್ ಇಲ್ಲೇ ಕಲೀಲಾಕತ್ತಾರಲ್ಲರಿ. ಬೀದರ ಯಾಕ ಬೇಕು? ಹುಡುಗ್ಯಾರಿಗಿ ಮೂರು ದಿನ ಹೊರಗ ಬಿಡದಂದ್ರ ಹ್ಯಾಂಗ್ರಿ?"

ನಾನು ಉತ್ತರ ಕೊಡಲು ಎದ್ದೆ. ನಾಯಕಿ ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಅಂದಳು, "ಮೇಡಂ, ನೀವು ಕೂಡ್ರಿ." ನಾನು ಕೂತೆ. ಈಗ ಇವಳು ಹರಳು ಹುರಿದ ಹಾಗೆ ಶುರು ಮಾಡುತ್ತಾಳೆ, ಎಲ್ಲ ಕೆಡುತ್ತದೆ ಎಂದುಕೊಂಡೆ. ಆದರೆ ಅವಳು ಪಕ್ಕಕ್ಕೆ ಸರಿದು ತನ್ನ ಗೆಳತಿಯ ಕಡೆ ನೋಡಿದಳು. "ಕಾಕಾರ ಸವಾಲಿಗಿ ಜವಾಬು ಇಕಿ ಕೊಡ್ತಾಳ್ರಿ" ಅಂದಳು.

ಆ ಹುಡುಗಿ ಎದ್ದು ನಿಂತಳು. ಕೈಯಲ್ಲಿದ್ದ ಕಾಗದವನ್ನು ಬೆಂಚಿನ ಮೇಲಿಟ್ಟಳು. ಮರಾಠಿಯಲ್ಲಿ, ಮನೆಯಲ್ಲಿ ಮಾತಾಡುವ ಹಾಗೇ ಹೇಳಿದಳು: "ಬಾಬಾ, ಅಲ್ಲಿ ಏನು ಕಲಿಯುತ್ತೇನೆ ಅಂತ ನನಗೂ ಪೂರ್ತಿ ಗೊತ್ತಿಲ್ಲ. ಇಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಒಂದು ಸಲ ಪೂರ್ತಿ ದಿನ ನನ್ನ ಕೈಯಲ್ಲೇ ಇಟ್ಟುಕೊಂಡು ನೋಡಬೇಕು ಅಂತಿದೆ." ಆಮೇಲೆ ಕಾಗದದಲ್ಲಿದ್ದ ಉತ್ತರಗಳನ್ನು ಒಂದೊಂದಾಗಿ ಹೇಳಿದಳು. ಬಸ್ಸು, ಹಾಸ್ಟೆಲ್, ಜೊತೆಗಿರುವ ಇಬ್ಬರು ಹೆಂಗಸರು, ಫೋನ್ ನಂಬರು.

ಅಪ್ಪ ಕೈಯಲ್ಲಿದ್ದ ಪುಟವನ್ನು ತಿರುಗಿಸಿ ನೋಡಿದ. ಮಾತಾಡಿದ್ದು ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ. ಒಂಬತ್ತು ಗಜದ ಸೀರೆಯ, ಬಡಕಲು ದೇಹದ ಮುದುಕಿ. "ನಿಂಗ ಅಷ್ಟು ಚಿಂತಿ ಇದ್ರ ನಾನೂ ಹೋಗ್ತೇನಿ ಇವರ ಸಂಗಾಟ" ಎಂದಳು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ನಗೂದೇನದ? ನನಗೂ ಬೀದರ ನೋಡಿ ಭಾಳ ದಿನ ಆಯ್ತು."

ಅಜ್ಜಿಯನ್ನು ಕರೆದುಕೊಂಡು ಹೋಗಲು ಆಫೀಸಿನ ಒಪ್ಪಿಗೆ ತೆಗೆದುಕೊಳ್ಳಲು ನನಗೆ ಅರ್ಧ ದಿನ ಹಿಡಿಯಿತು. ಆದರೆ ಅಜ್ಜಿ ಹೋಗುತ್ತಾಳೆ ಎಂಬ ಸುದ್ದಿ ಊರಲ್ಲಿ ಹರಡಿದ ಮೇಲೆ ಹನ್ನೊಂದು ಪತ್ರಗಳಿಗೂ ಸಹಿ ಬಿತ್ತು.

ಬೀದರದಲ್ಲಿ ಬಸ್ ಇಳಿದಾಗ ಭಾಲ್ಕಿಯ ಹುಡುಗಿಯರು ಆಗಲೇ ಬಂದಿದ್ದರು. ಊರ ನಡುವಿನ ಚೌಬಾರಾ ಗೋಪುರ ದಾಟಿ ಶಿಬಿರದ ಕಟ್ಟಡಕ್ಕೆ ಎರಡು ತಂಡವೂ ನಡೆದುಕೊಂಡು ಹೋದೆವು. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ಅಳೆಯುತ್ತಿದ್ದರು. ಮೊದಲ ದಿನ ಭಾಲ್ಕಿಯವರೇ ಮುಂದೆ. ಅವರ ಬೆರಳುಗಳು ಕೀಬೋರ್ಡಿನ ಮೇಲೆ ಓಡುತ್ತಿದ್ದವು. ಔರಾದದವರು ಅಕ್ಷರ ಹುಡುಕುತ್ತ ಕೂತಿದ್ದರು. ಮಧ್ಯಾಹ್ನ ಮಾತಿನ ಆಟ ಇಟ್ಟಾಗ ಲೆಕ್ಕ ತಿರುಗಿತು. ಊರಿನ ಸಭೆಯನ್ನೇ ನಿಭಾಯಿಸಿ ಬಂದವರಿಗೆ ಇದು ಯಾವ ದೊಡ್ಡ ಕೆಲಸ. ಸಂಜೆಯ ಹೊತ್ತಿಗೆ ಭಾಲ್ಕಿಯ ಹುಡುಗಿಯೊಬ್ಬಳು ನಮ್ಮ ನಾಯಕಿಯ ಬಳಿ ಬಂದು, "ನಾ ನಿನಗ ಟೈಪಿಂಗ್ ಹೇಳಿ ಕೊಡ್ತೇನಿ, ನೀ ನನಗ ಹಂಗ ಮಾತಾಡದು ಹೇಳಿ ಕೊಡು" ಎಂದು ಕೇಳಿದಳು. ಎರಡನೇ ದಿನದ ಕಾರ್ಯಕ್ರಮಪಟ್ಟಿಯನ್ನು ನಾವು ಪಕ್ಕಕ್ಕಿಟ್ಟು ಇದನ್ನೇ ನಡೆಸಿದೆವು. ಭಾಲ್ಕಿಯವಳೊಬ್ಬಳು, ಔರಾದದವಳೊಬ್ಬಳು, ಜೋಡಿ ಜೋಡಿ.

ಅಜ್ಜಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಮೊಮ್ಮಗಳು ಅವಳನ್ನು ಕರೆದು ತನ್ನ ಕಂಪ್ಯೂಟರಿನ ಮುಂದೆ ಕೂರಿಸಿದಳು. ಅಜ್ಜಿಯ ಹೆಸರನ್ನು ಮರಾಠಿಯಲ್ಲಿ ಟೈಪ್ ಮಾಡಿ, ಅಕ್ಷರ ದೊಡ್ಡದು ಮಾಡಿ, "ನೋಡು, ಇದು ನೀನು" ಎಂದಳು.

ಅಜ್ಜಿ ಕಣ್ಣು ಸಣ್ಣ ಮಾಡಿ ಪರದೆಯನ್ನು ನೋಡಿದಳು. ಆಮೇಲೆ ಬೆರಳಿಟ್ಟು ಹೇಳಿದಳು, "ಇದು ತಪ್ಪದ. ಇಲ್ಲಿ ದೀರ್ಘ ಬರಬೇಕು."

ನಾನು ಪಕ್ಕದಲ್ಲೇ ಇದ್ದೆ. ಮೊಮ್ಮಗಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಈ ಅಜ್ಜಿ ಹೆಬ್ಬೆಟ್ಟು ಒತ್ತುವವಳೆಂದೇ ಮನೆಯವರಿಗೆಲ್ಲ ಗೊತ್ತು.

"ಆಜಿ, ನಿಂಗ ಓದ್ಲಾಕ ಬರ್ತದ?"

"ಎರಡನೇತ್ತೆ ತನಕ ಸಾಲಿಗಿ ಹೋಗೀನಿ. ಲಗ್ನಾದ ಮ್ಯಾಲ ಬಿಟ್ಟದು."

"ಮತ್ತ ಹೆಬ್ಬಟ್ಟ ಯಾಕ ಒತ್ತತಿ?"

"ನನಗ ಪೆನ್ನು ಕೊಟ್ಟವರು ಯಾರು? ಹೋದಲ್ಲೆಲ್ಲ ಶಾಯಿ ಡಬ್ಬೀನೇ ಮುಂದ ಇಡ್ತಾರ."

ಕೋಣೆಯಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರೂ ಎದ್ದು ಬಂದು ಆ ಕಂಪ್ಯೂಟರಿನ ಸುತ್ತ ನಿಂತರು. ಅಜ್ಜಿಗೆ ಯಾವ ಸಂಕೋಚವೂ ಆಗಲಿಲ್ಲ. ಮೊಮ್ಮಗಳು ತೋರಿಸಿದ ಕೀಲಿಗಳನ್ನು ಒಂದೇ ಬೆರಳಿನಲ್ಲಿ ಒತ್ತುತ್ತ, ತನ್ನ ಹೆಸರನ್ನು ತಾನೇ ಸರಿಯಾಗಿ ಬರೆದಳು. ಒಂದು ಅಕ್ಷರ ಒತ್ತಿ ಹಿಡಿದು ಸಾಲು ತುಂಬ ಅದೇ ಬಂದಾಗ ಹುಡುಗಿಯರೆಲ್ಲ ಒಟ್ಟಿಗೆ "ಕೈ ಎತ್ತು ಆಜಿ" ಎಂದು ಕೂಗಿದರು. ದೀರ್ಘ ಬಿದ್ದ ಕ್ಷಣ ಆ ಕೋಣೆಯಲ್ಲಿ ಎದ್ದ ಚಪ್ಪಾಳೆಗೆ ಅಡುಗೆಯವರು ಸಟ್ಟುಗ ಹಿಡಿದುಕೊಂಡೇ ಓಡಿ ಬಂದರು. 

ಮೂರನೇ ದಿನ ಒಬ್ಬೊಬ್ಬರೂ ಎರಡು ನಿಮಿಷ ಮಾತಾಡಬೇಕಿತ್ತು. ನಾಯಕಿ ತನ್ನ ಎರಡು ನಿಮಿಷದಲ್ಲಿ ಒಂದು ನಿಮಿಷ ಮಾತ್ರ ಬಳಸಿದಳು. "ನಾ ಭಾಳ ಮಾತಾಡ್ತೇನಿ ಅಂತ ಎಲ್ಲರಿಗೂ ಗೊತ್ತದ. ಇಲ್ಲಿ ಬಂದ ಮ್ಯಾಲ ಬ್ಯಾರೇದವರದು ಕೇಳ್ಲಾಕ ಛಲೋ ಅನ್ನಸ್ತದ ಅಂತ ಗೊತ್ತಾತು" ಎಂದು ಕೂತಳು. ಉಳಿದ ನಿಮಿಷವನ್ನು ಅವಳು ಭಾಲ್ಕಿಯ ಜೊತೆಗಾತಿಗೆ ಬಿಟ್ಟುಕೊಟ್ಟಿದ್ದಳು. ಆ ಜೊತೆಗಾತಿ ಮೂರು ನಿಮಿಷವೂ ನಿಲ್ಲದೆ ಮಾತಾಡಿದಳು.

ಕೊನೆಯಲ್ಲಿ ಯಾರೋ ನನ್ನ ಹೆಸರು ಕೂಗಿದರು. ನನ್ನ ಸರದಿಯೂ ಇದೆ ಎಂದು ನಾನು ಅಂದುಕೊಂಡಿರಲಿಲ್ಲ. ಎದ್ದು ನಿಂತೆ. ಬಾಯಿ ಒಣಗಿತು. ಮುಂದೆ ಕೂತ ಇಪ್ಪತ್ತೆರಡು ಮುಖಗಳು ನನ್ನನ್ನೇ ನೋಡುತ್ತಿದ್ದವು. ಅದನ್ನೇ ಅವರಿಗೆ ಹೇಳಿಬಿಟ್ಟೆ: ನಿಮಗೆ ಕಲಿಸಲು ಬಂದ ನಾನು ಪ್ರತಿ ವಾರ ನಿಮ್ಮ ಶಾಲೆಗಳ ಗೇಟಿನ ಹೊರಗೆ ಒಂದು ನಿಮಿಷ ನಿಂತು ಧೈರ್ಯ ತಂದುಕೊಂಡು ಒಳಗೆ ಬರುತ್ತಿದ್ದೆ ಎಂದು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಮಾತ್ರ, "ನಮಗ ಗೊತ್ತಿತ್ರಿ ಮೇಡಂ, ಕಿಡಕಿದಾಗ ಕಾಣ್ತಿತ್ತು" ಎಂದಳು. ಆಗ ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಔರಾದ ಬಸ್‌ಸ್ಟ್ಯಾಂಡಿನಲ್ಲಿ ಆ ಶಾಂತ ಹುಡುಗಿಯ ಅಪ್ಪ ಊರಿನ ಇನ್ನಿಬ್ಬರ ಜೊತೆ ಟೆಂಪೋ ತಂದು ಕಾಯುತ್ತಿದ್ದ. ಮಗಳ ಚೀಲ ತೆಗೆದುಕೊಳ್ಳುತ್ತ, ಏನು ಕಲಿತೆ ಎಂದು ಕೇಳಿದ. ಅವಳು ಹೇಳಲು ಶುರು ಮಾಡಿದಳು. ಹಿಂದೆ ಕೂತ ಅಜ್ಜಿ ನಡುನಡುವೆ ತಿದ್ದುತ್ತಿದ್ದಳು. ಊರು ಮುಟ್ಟುವವರೆಗೂ ಅವನು ಕೇಳುತ್ತಲೇ ಇದ್ದ, ನಡುವೆ ಒಂದು ಸಲ ಟೆಂಪೋ ಸದ್ದಿಗೆ ಮಾತು ಮುಳುಗಿದಾಗ, "ಏನಂದಿ? ಜೋರ್ ಹೇಳು" ಎಂದ.

ಆ ಹುಡುಗಿ ಈಗ ಬೀದರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಾಳೆ. ನಾಯಕಿ ಔರಾದದಲ್ಲಿ ಪಿಯುಸಿ ಮಾಡುತ್ತಿದ್ದಾಳೆ, ವಕೀಲೆಯಾಗುತ್ತಾಳಂತೆ. ಮರುವರ್ಷದ ಶಿಬಿರಕ್ಕೆ ಒಪ್ಪಿಗೆ ಪತ್ರ ಹಂಚಿದಾಗ ನನಗೆ ಎದುರಾದ ಕಷ್ಟ ಬೇರೆಯೇ. ಮೂವರು ಅಜ್ಜಿಯರು ತಾವೂ ಬರುತ್ತೇವೆಂದು ಹೆಸರು ಬರೆಸಿದ್ದರು.