ಮಾವನ ಕೈಯಲ್ಲಿದ್ದ ಸೌಟು

ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆಗಳು ಏಳುತ್ತಿದ್ದ ಕಾಲ. ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾನಿದ್ದೆ. ಕೈಯಲ್ಲಿ ವರ್ನಿಯರ್ ಅಳತೆ ಪಟ್ಟಿ, ಜೇಬಿನಲ್ಲಿ ಕೆಂಪು ಸ್ಟಿಕ್ಕರ್. ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎತ್ತಿಡುತ್ತಿದ್ದೆ. ಶಿಫ್ಟ್ ಮುಗಿದು ಕಂಪನಿ ಬಸ್ಸು ಕೆಂಗಲ್ ದಾಟಿ ಚನ್ನಪಟ್ಟಣ ಸೇರಿದರೂ ನನ್ನ ಈ ಕಣ್ಣಿಗೆ ಬಿಡುವಿರುತ್ತಿರಲಿಲ್ಲ. ದೋಸೆ ಒಂದು ಕಡೆ ದಪ್ಪ, ಕ್ಯಾಲೆಂಡರು ಒಂದು ನೂಲು ಓರೆ ಎಂದು ಮನೆಯಲ್ಲೂ ಶುರುವಾಗುತ್ತಿತ್ತು. "ನನಗೂ ಒಂದು ಕೆಂಪು ಚೀಟಿ ಅಂಟಿಸ್ಬುಡಿ, ತವರಿಗೋಗಿ ನೆಮ್ಮದಿಯಾಗಿರ್ತೀನಿ" ಎನ್ನುತ್ತಿದ್ದಳು ನನ್ನ ಹೆಂಡತಿ.

ನಮ್ಮಪ್ಪ ಬೊಂಬೆ ಕಡೆಯುತ್ತಿದ್ದವರು. ಅವರು ಹೋದ ಮೇಲೆ ಅವರ ಲೇತು ಹಿತ್ತಲ ಕೋಣೆಯಲ್ಲಿ ದೂಳು ತಿನ್ನುತ್ತಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು ವಿಚಿತ್ರವಾದ ದಾರಿಯಿಂದ. ಕಾರ್ಖಾನೆಗೆ ತರಬೇತಿ ಕೊಡಲು ಜಪಾನಿನಿಂದ ಬಂದಿದ್ದ ಒಬ್ಬರು ಊರಿಗೆ ಹೊರಡುವಾಗ ನನ್ನ ಕೈಗೊಂದು ಡಬ್ಬಿ ಕೊಟ್ಟರು. ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು, ಜೋಡಿಸಿದರೆ ಮಿಲಿಟರಿ ಜೀಪು. ನಿಜವಾದ ಜೀಪಿನ ಮೂವತ್ತೈದರಲ್ಲಿ ಒಂದು ಪಾಲು. ಒಂದು ಬೋಲ್ಟೂ ತಪ್ಪಿರಲಿಲ್ಲ. ಸ್ಟಿಕ್ಕರ್ ಅಂಟಿಸಲು ಜಾಗವೇ ಇಲ್ಲದ ವಸ್ತುವನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ರಾಮನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕುವಾಗ ಒಂದು ಗುಂಪಿನ ಬಗ್ಗೆ ತಿಳಿಯಿತು. ಅವರು ಹಳೆಯ ಯುದ್ಧಕಾಲದ ಒಂದು ಫೋಟೋ ಆರಿಸಿಕೊಳ್ಳುತ್ತಾರೆ. ಅದರಲ್ಲಿರುವ ವಾಹನ, ಮನುಷ್ಯರು, ಕಲ್ಲುಮಣ್ಣು ಎಲ್ಲವನ್ನೂ ಚಿಕ್ಕದಾಗಿ ಮಾಡುತ್ತಾರೆ. ಅದೇ ಕೋನದಿಂದ, ಅದೇ ಬಿಸಿಲಿನಲ್ಲಿ ಅದರ ಫೋಟೋ ತೆಗೆದು ಹಳೆಯದರ ಪಕ್ಕದಲ್ಲಿ ಇಡುತ್ತಾರೆ. ಯಾವುದು ನಿಜ, ಯಾವುದು ಮಾಡಿದ್ದು ಎಂದು ನೋಡಿದವರು ತಡವರಿಸಬೇಕು. ನನಗೆ ಹುಚ್ಚು ಹಿಡಿಯಿತು. ಫೋಟೋ ಎಲ್ಲಿಂದ ತರುವುದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ, ಅದು ನನ್ನ ಮಾವನ ಮನೆಯ ಗೋಡೆಯ ಮೇಲಿತ್ತು.

ಮಾವ ಎಂದರೆ ಹೆಂಡತಿಯ ತಂದೆ. ಸೈನ್ಯದಿಂದ ರಿಟೈರಾಗಿ ಬಂದು, ಸಾತನೂರಿನಿಂದ ಒಳಗಿರುವ ತಮ್ಮ ಹಳ್ಳಿಯಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದರು. ಊರಿಗೆಲ್ಲ ಅವರು ‘ಮಿಲ್ಟ್ರಿ’. ಆಗಸ್ಟ್ ಹದಿನೈದಕ್ಕೆ ಊರಿನ ಶಾಲೆಯಲ್ಲಿ ಬಾವುಟ ಹಾರಿಸುತ್ತಿದ್ದವರು ಅವರೇ. ಮಾತು ತೀರಾ ಕಡಿಮೆ. ಮದುವೆಮನೆಗಳಲ್ಲಿ ಮಾತ್ರ ಅಡುಗೆ ಚಪ್ಪರಕ್ಕೆ ಇಣುಕಿ, ಕೊಪ್ಪರಿಗೆಯ ಕಡೆ ಒಂದು ಸಲ ನೋಡಿ, "ಐನೂರು ಜನಕ್ಕೆ ಈ ಉಪ್ಪು ಸಾಲಕ್ಕಿಲ್ಲ ಕನಪ್ಪ" ಎನ್ನುತ್ತಿದ್ದರು. ಅವರು ಹೇಳಿದ ಲೆಕ್ಕ ತಪ್ಪುತ್ತಿರಲಿಲ್ಲ.

ಪಡಸಾಲೆಯ ಆ ಫೋಟೋದಲ್ಲಿ ಬೋಳು ಗುಡ್ಡದ ಮುಂದೆ ಟಾರ್ಪಾಲು ಹೊದೆಸಿದ ಒಂದು ಲಾರಿ, ಅದರ ಮುಂದೆ ಆರು ಜನ. ಬಲತುದಿಯಲ್ಲಿ ಹರೆಯದ ಮಾವ, ಹೆಗಲಿಗೆ ಉದ್ದನೆಯದೊಂದನ್ನು ಒರಗಿಸಿಕೊಂಡು ನಿಂತಿದ್ದಾರೆ. ಅದರ ಮೇಲಿನ ತುದಿ ಟಾರ್ಪಾಲಿನ ಕಪ್ಪಿನಲ್ಲಿ ಸೇರಿಹೋಗಿತ್ತು. ನೋಡಿದವರೆಲ್ಲ ಅದನ್ನು ಕೋವಿ ಎಂದೇ ತಿಳಿದಿದ್ದರು. ಕೇಳಿದರೆ ಮಾವ "ಲಾರಿ ನಂದು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೋವಿಯ ಮಾತನ್ನು ಅವರು ಒಂದು ದಿನವೂ ಆಡಿದವರಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ, ಆಗ ಗಮನಿಸಿರಲಿಲ್ಲ.

ಭಾವಮೈದುನ ಹೊಸ ಮನೆ ಕಟ್ಟಿಸುತ್ತಿದ್ದ. ಗೃಹಪ್ರವೇಶದ ದಿನ ಮಾವನಿಗೆ ಉಡುಗೊರೆ ಕೊಟ್ಟು ಬೆರಗುಗೊಳಿಸಬೇಕೆಂದು ಲೆಕ್ಕ ಹಾಕಿದೆ. ಹೊಸ ಕಟ್ಟು ಹಾಕಿಸಿಕೊಡುತ್ತೇನೆ ಎಂದು ಹೇಳಿ ಅತ್ತೆಯ ಕೈಯಿಂದ ಫೋಟೋ ಇಸಿದುಕೊಂಡೆ. ಕನಕಪುರದ ಸ್ಟುಡಿಯೋದಲ್ಲಿ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಪರದೆಯ ತುಂಬ ಹಿಗ್ಗಿಸಿದಾಗ ನನಗೆ ಎರಡು ಸಂಗತಿ ಕಂಡವು. ಒಂದು, ಮಾವನ ಹೆಗಲ ಮೇಲಿದ್ದದ್ದು ಕೋವಿಯಲ್ಲ. ತುದಿಯಲ್ಲಿ ಬಟ್ಟಲಿನಂಥ ಬಾಯಿತ್ತು. ಅದು ಸೌಟು, ದೊಡ್ಡ ಅಡುಗೆಗೆ ಬಳಸುವ ಉದ್ದ ಹಿಡಿಯ ಸೌಟು. ಇನ್ನೊಂದು, ಫೋಟೋದ ಕೆಳಗಡೆ, ಆರು ಜನರ ಕಾಲ ಬಳಿಗೆ ಚಾಚಿಕೊಂಡು ಒಂದು ನೆರಳು ಬಿದ್ದಿತ್ತು. ತಲೆ, ಎತ್ತಿದ ಎರಡು ಮೊಣಕೈ. ಬಿಸಿಲಿಗೆ ಬೆನ್ನು ಹಾಕಿ ಫೋಟೋ ತೆಗೆದವನ ನೆರಳು.

ಸೌಟು ಕಂಡಿದ್ದೇ ತಡ, ಮದುವೆಮನೆಯ ಉಪ್ಪಿನ ಮಾತು ತಲೆಗೆ ಹೊಳೆದು ಎರಡನ್ನೂ ತಾಳೆ ಹಾಕಿದೆ. ಮಾವ ಸೈನ್ಯದಲ್ಲಿ ಅಡುಗೆಯವರಾಗಿದ್ದರು! ಇಷ್ಟು ವರ್ಷ ಯಾರಿಗೂ ಸಿಗದ ಗುಟ್ಟು ನನ್ನ ಕಣ್ಣಿಗೆ ಸಿಕ್ಕಿತಲ್ಲ ಎಂದು ಉಬ್ಬಿಹೋದೆ. ನೆರಳನ್ನು ಮಾತ್ರ ಕ್ಯಾಮೆರಾ ಹಿಡಿಯಲು ಬಾರದವನು ಮಾಡಿದ ತಪ್ಪು ಎಂದುಕೊಂಡೆ. ಸ್ಟುಡಿಯೋದವನಿಗೆ, "ಇದೊಂದು ಕಲೆ, ತೆಗೆದುಬಿಡಿ" ಎಂದೆ. ಅವನು ಮೌಸು ಆಡಿಸಿದ. ನೆರಳಿದ್ದ ಕಡೆ ಜಲ್ಲಿ ಬಂತು. ಆ ಪ್ರತಿಗೇ ಹೊಸ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಹಳೆಯ ಫೋಟೋವನ್ನು ಲಕೋಟೆಯಲ್ಲಿ ಹಾಕಿ ಅತ್ತೆಗೆ ವಾಪಸು ಕೊಟ್ಟೆ.

ಐದು ತಿಂಗಳ ಭಾನುವಾರಗಳು ಲಾರಿಗೆ ಹೋದವು. ಚಕ್ರಗಳನ್ನು ಅಪ್ಪನ ಲೇತಿನಲ್ಲಿ, ಬೊಂಬೆಗೆ ಬಳಸುವ ಆಲೆ ಮರದಿಂದ ಕಡೆದು ಕಪ್ಪು ಅರಗು ಹಿಡಿಸಿದೆ. ಆರು ಜನರನ್ನು, ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಆ ಅಂಟಿನಿಂದ ತಿದ್ದಿದೆ. ಒಬ್ಬೊಬ್ಬರೂ ಎರಡು ಇಂಚು. ಹಳೇ ಲುಂಗಿಯ ತುಂಡು ಟಾರ್ಪಾಲಾಯಿತು. ಜಲ್ಲಿಗೆ ಕಲ್ಲಿನ ಪುಡಿಯನ್ನು ಮೂರು ಸಲ ಜರಡಿ ಹಿಡಿದೆ. ಸೌಟಿಗೆ ತಾಮ್ರದ ತಂತಿ, ತುದಿಯನ್ನು ಮೊಳೆಯ ತಲೆಯ ಮೇಲಿಟ್ಟು ತಟ್ಟಿ ತಟ್ಟಿ ಬಟ್ಟಲು ಮಾಡಿದೆ.

ಅದನ್ನು ಮಾವನ ಕೈಗೆ ಅಂಟಿಸುವಾಗ ಹೆಂಡತಿ ನೋಡಿದಳು. "ಇದೇನಿದು, ನಮ್ಮಪ್ಪನ ಕೈಗೆ ಸೌಟು?"

"ಫೋಟೋದಲ್ಲಿ ಇರೋದೇ ಅದು."

"ಇರ್ಲಿ. ಕೋವಿ ಇಟ್ಬುಡಿ. ಯಾರು ನೋಡ್ತಾರೆ?"

"ಇರೋದನ್ನ ಇದ್ದಂಗೆ ಮಾಡೋದೇ ಈ ಕೆಲಸ" ಎಂದು ಅವಳಿಗೊಂದು ಭಾಷಣ ಕೊಟ್ಟೆ.

"ಅಂಗಾದ್ರೆ ಅಪ್ಪನ್ನ ಒಂದು ಮಾತು ಕೇಳಿ ಮಾಡಿ."

ಕೇಳಿದರೆ ಬೆರಗು ಎಲ್ಲಿ ಉಳಿಯುತ್ತದೆ ಎಂದು ಕೇಳಲಿಲ್ಲ. ನೆಪ ಅದು. ನಿಜ ಹೇಳಬೇಕೆಂದರೆ, ನಾನು ಕಂಡುಹಿಡಿದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿ ಖಚಿತಪಡಿಸಿಕೊಳ್ಳುವುದು ನನ್ನ ಜಂಬಕ್ಕೆ ಒಗ್ಗುತ್ತಿರಲಿಲ್ಲ.

ಗೃಹಪ್ರವೇಶದ ದಿನ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ನೆಂಟರ ನಡುವೆ ಲಾರಿಯನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಎರಡು ಫೋಟೋ, ಹಳೆಯದರ ಪ್ರತಿ ಮತ್ತು ನಾನು ತಾರಸಿಯ ಬಿಸಿಲಿನಲ್ಲಿ ತೆಗೆದದ್ದು. ಜನ ಮುಗಿಬಿದ್ದರು. ಮಾವ ಕನ್ನಡಕ ಹಾಕಿಕೊಂಡು ಬಗ್ಗಿದರು. ಲಾರಿಯನ್ನು ಮೆಲ್ಲಗೆ ಮುಟ್ಟಿದರು. ಆಮೇಲೆ ಫೋಟೋದ ಕೆಳತುದಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. ನನ್ನ ಜಲ್ಲಿಯ ನಯವನ್ನು ಮೆಚ್ಚುತ್ತಿದ್ದಾರೆ ಎಂದುಕೊಂಡೆ.

ಆಗ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ, "ಕೋವಿ ಒಂದು ಒಸಿ ಸೊಟ್ಟಗಾಗೈತೆ ಕಣ್ಲಾ" ಎಂದ.

ಅವನು ಹಾಗಂದದ್ದು ತಪ್ಪು ಹುಡುಕುವವನಲ್ಲೇ ತಪ್ಪು ಹುಡುಕಿದ ಖುಷಿಗೆ. ನನಗೆ ಮೈ ಉರಿಯಿತು. "ಸರಿಯಾಗಿ ನೋಡು, ಅದು ಕೋವಿ ಅಲ್ಲ, ಸೌಟು. ಮಾವ ಅಲ್ಲಿ ಅಡುಗೆ ನೋಡ್ಕೊಂಡಿದ್ರು" ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಎಂದೆ.

ನೆಂಟರೆಲ್ಲ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಷಡ್ಡಕ, "ಅದಕ್ಕೇ ಉಪ್ಪಿನ ಲೆಕ್ಕ ಅಂಗೆ ಹೇಳ್ತಿದ್ರಾ ಮಾವ" ಎಂದ. ಎಲ್ಲರೂ ಸೂರು ಹಾರಿಹೋಗುವಂತೆ ನಕ್ಕರು. ಮಾವನೂ ಸ್ವಲ್ಪ ನಕ್ಕು, "ಚೆಂದಾಗಿ ಮಾಡಿದ್ದೀರಿ ಅಳಿಯಂದ್ರೇ" ಎಂದು ಹೇಳಿ, ಹಸುಗಳಿಗೆ ನೀರು ತೋರಿಸಬೇಕು ಎಂದು ಎದ್ದುಹೋದರು. ಇವೆಲ್ಲ ತಮಾಷೆ ಎಂದು ನಾನೂ ನಕ್ಕೆ.

ವಾರದೊಳಗೆ ಊರಿನಲ್ಲಿ ಅವರ ಹೆಸರು ‘ಸೌಟು ಮಿಲ್ಟ್ರಿ’ ಆಯಿತು. ಅದು ನನಗೆ ಗೊತ್ತಾದದ್ದು ಆಗಸ್ಟ್ ಕಳೆದ ಮೇಲೆ. ಆ ವರ್ಷ ಬಾವುಟ ಹಾರಿಸಲು ಪಂಚಾಯ್ತಿ ಮೆಂಬರನ್ನು ಕರೆದಿದ್ದರಂತೆ. ಮಾವನಿಗೆ ಯಾರೂ ಹೇಳಿರಲಿಲ್ಲ. ಅವರು ಎಂದಿನಂತೆ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ, ಬೂಟಿಗೆ ಪಾಲಿಶ್ ಮಾಡಿ, ಕರೆಯಲು ಬರುತ್ತಾರೆಂದು ಜಗುಲಿಯ ಮೇಲೆ ಕೂತಿದ್ದರಂತೆ. ಮೈಕಿನಲ್ಲಿ ಜನಗಣಮನ ಕೇಳಿಸಿದಾಗ ಎದ್ದು ನಿಂತು, ಹಾಡು ಮುಗಿದ ಮೇಲೆ ಒಳಗೆ ಹೋಗಿ ಶರ್ಟು ಕಳಚಿದರಂತೆ. ಅತ್ತೆ ಇದನ್ನು ಫೋನಿನಲ್ಲಿ ಮಗಳಿಗೆ ಹೇಳಿದರು. ಮಗಳು ನನಗೆ ಹೇಳಿ, "ನಿಮ್ಮ ಅಳತೆ ಪಟ್ಟಿ ತಗೊಂಡೋಗಿ ಕೆರೆಗಾಕಿ" ಎಂದಳು. ಅವತ್ತೆಲ್ಲ ಬೂಟಿಗೆ ಪಾಲಿಶ್ ಹಾಕುತ್ತಿದ್ದ ಆ ಕೈಯೇ ಕಣ್ಣೆದುರು ಬರುತ್ತಿತ್ತು.

ಮುಂದಿನ ಭಾನುವಾರ ಸಾತನೂರು ಬಸ್ಸು ಹಿಡಿದೆ. ಮಾವ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಜೊತೆಗೆ ನಾನೂ ಕೈ ಹಾಕಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದೆ. "ತಪ್ಪಾಯ್ತು ಮಾವ. ಅಡುಗೆ ಕೆಲಸ ಮಾಡಿದ್ರೆ ಅದರಲ್ಲಿ ನಾಚಿಕೆ ಏನಿದೆ, ಜನಕ್ಕೆ ತಿಳುವಳಿಕೆ ಇಲ್ಲ."

ಅವರು ಕುಡುಗೋಲು ನಿಲ್ಲಿಸಿದರು. "ನಾನು ಅಡಿಗೆಯೋನಲ್ಲ ಅಳಿಯಂದ್ರೇ. ಲಾರಿ ನಂದೇಯ. ರೇಷನ್ ಲಾರಿ ಓಡಿಸ್ತಿದ್ದೆ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. "ಮತ್ತೆ ಸೌಟು?"

"ಫೋಟೋ ತೆಗ್ದೋನು ಯಾರು ಅಂತ ನೀವು ಕೇಳ್ನೇ ಇಲ್ವಲ್ಲ" ಎಂದರು.

ಕ್ಯಾಮೆರಾ ಆ ಆರು ಜನರಲ್ಲಿ ಒಬ್ಬರದ್ದು. ಆರೂ ಜನಕ್ಕೆ ಫೋಟೋದಲ್ಲಿರುವ ಆಸೆ. ಲಾರಿಯ ಮರೆಯಲ್ಲಿ ಬೇಳೆ ಕಲಕುತ್ತಿದ್ದ ಅಡುಗೆಯವನನ್ನು ಕೂಗಿದರು. ಅವನು ಸೌಟನ್ನು ಹತ್ತಿರವಿದ್ದ ಮಾವನ ಕೈಗೆ ಕೊಟ್ಟು ಕ್ಯಾಮೆರಾ ಹಿಡಿದ. ಆಮೇಲೆ ಅವನದೂ ಒಂದು ತೆಗೆಯೋಣ ಎಂದರೆ ರೀಲು ಮುಗಿದಿತ್ತು. "ಬಿಹಾರದ ಕಡೆಯೋನು. ನನ್ ಲಾರೀಲೇ ಓಡಾಡ್ತಿದ್ದ. ಉಪ್ಪಿನ ಲೆಕ್ಕ ಅವನು ಕಲಿಸಿದ್ದು. ಆಮ್ಯಾಕೆ ಬ್ಯಾರೆ ಕಡೀಕೆ ಹಾಕಿದ್ರು, ಎಲ್ಲವನೋ ಏನೋ. ಅವನ್ದು ಅಂತ ನನ್ತಾವ ಇದ್ದಿದ್ದು ಆ ನೆಳ್ಳೊಂದೇಯ. ದಿನಾ ನೋಡ್ತಿದ್ದೆ. ಹೊಸ ಕಟ್ಟಿನಾಗೆ ಅದು ಇಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೌಟಿನ ಬಾಯಿಗೆ ಮೊಳೆಯ ಮೇಲೆ ಅಷ್ಟು ಹೊತ್ತು ತಟ್ಟಿದ ನಾನು, ಒಬ್ಬ ಮನುಷ್ಯನನ್ನು ಕಲೆ ಎಂದು ಅಳಿಸಿಹಾಕಿದ್ದೆ. "ಅವತ್ತೇ ಎಲ್ಲರ ಮುಂದೆ ಹೇಳಬಹುದಿತ್ತಲ್ಲ ಮಾವ" ಎಂದೆ. ಆಗಲೂ ತಪ್ಪು ಅವರದ್ದೇ ಎನ್ನುವಂತಿತ್ತು ನನ್ನ ದನಿ.

"ಏನಂತ ಹೇಳ್ಲಿ? ನಾನು ಅಡಿಗೆಯೋನಲ್ಲ, ಅಂಗನ್ಬ್ಯಾಡಿ ಅಂತ ಬಾಯಿ ಮಾಡ್ಲಾ? ಅವನ್ ಕೈ ಅನ್ನ ತಿಂದು ಬದುಕಿದೋನು ನಾನು. ಅಂಗೆ ಹೇಳಿದ್ರೆ ಅವನ್ನ ಕೀಳು ಮಾಡ್ದಂಗಾಗಕ್ಕಿಲ್ವಾ?" ಎಂದು ಅವರು ಮತ್ತೆ ಸೊಪ್ಪಿಗೆ ಬಗ್ಗಿದರು.

ಅತ್ತೆ ಮಾವನಿಗೆ ಹೇಳದೆ ಪೆಟ್ಟಿಗೆಯಲ್ಲಿಟ್ಟಿದ್ದ ಹಳೆಯ ಫೋಟೋ ಲಕೋಟೆಯಲ್ಲೇ ಇತ್ತು. ಅದನ್ನು ಕೇಳಿ ಪಡೆದುಕೊಂಡು ಬಂದು ಏಳನೆಯವನನ್ನು ಮಾಡಿದೆ. ಅವನನ್ನು ಲಾರಿ ನಿಂತಿದ್ದ ಹಲಗೆಯ ಹೊರಗೆ, ಕ್ಯಾಮೆರಾದ ಬದಿಯಲ್ಲಿ ನಿಲ್ಲಿಸಬೇಕಿತ್ತು. ಚಿತ್ರದಲ್ಲಿ ಅವನು ಬೀಳುವುದಿಲ್ಲ, ನೆರಳು ಮಾತ್ರ ಬೀಳುತ್ತದೆ. ಮುಖ ಗೊತ್ತಿರಲಿಲ್ಲ, ಹಾಗಾಗಿ ಮುಖ ಮಾಡಲಿಲ್ಲ. ಎಷ್ಟೋ ಭಾನುವಾರ ತಾರಸಿಯ ಮೇಲೆ ಬಿಸಿಲು ಕಾದ ಮೇಲೆ ನೆರಳು ಹಳೆಯ ಫೋಟೋದಲ್ಲಿದ್ದಂತೆಯೇ ಆರು ಜನರ ಕಾಲ ಬಳಿಗೆ ಚಾಚಿತು.

ಮರುವರ್ಷ ಷಡ್ಡಕನ ಮಗಳ ಮದುವೆ. ಬೀಗರೂಟ ಮಾವನ ಊರಿನಲ್ಲೇ ನಡೆಯಿತು. ಹಳೆಯದು ಮತ್ತು ನೆರಳಿನ ಸಮೇತ ನಾನು ಹೊಸದಾಗಿ ತೆಗೆದದ್ದು, ಎರಡು ಫೋಟೋಗಳನ್ನೂ ಕವರಿನಲ್ಲಿಟ್ಟುಕೊಂಡು ಹೋಗಿದ್ದೆ. ಗೃಹಪ್ರವೇಶದ ದಿನ ಇದ್ದವರೆಲ್ಲ ಪಂಕ್ತಿಯಲ್ಲಿದ್ದರು. ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ತೊಳೆದುಕೊಳ್ಳಬೇಕು, ಮಾವ ಅಡುಗೆಯವರಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡು, ಎಲೆಯ ಮುಂದೆ ಕೂತಿದ್ದವನು ಕವರು ಹಿಡಿದು ಎದ್ದೆ.

ಮಾವ ಅಡುಗೆ ಚಪ್ಪರದ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಕವರನ್ನು ನೋಡಿದರು. ಬಡಿಸುತ್ತಿದ್ದವನ ಕೈಯಿಂದ ಸಾರಿನ ಬಕೆಟ್ಟನ್ನೂ ಸೌಟನ್ನೂ ತೆಗೆದುಕೊಂಡು ನೆಟ್ಟಗೆ ನನ್ನ ಎಲೆಯ ಹತ್ತಿರಕ್ಕೆ ಬಂದರು.

"ನಾನು ಅಡಿಗೆಯೋನಲ್ಲ ಅಂತ ಹೇಳಕ್ಕೆ ಎದ್ರಾ?" ಎಂದರು, ನನಗೊಬ್ಬನಿಗೇ ಕೇಳುವಂತೆ. "ಬ್ಯಾಡಿ. ಕೂತ್ಕೊಳ್ಳಿ. ಮುದ್ದೆ ಆರೋಯ್ತದೆ."

ಕೂತೆ. ಅವರು ಬಗ್ಗಿ ಮುದ್ದೆಯ ಪಕ್ಕಕ್ಕೆ ಸಾರು ಬಿಟ್ಟರು. ಎದುರು ಸಾಲಿನಿಂದ ಷಡ್ಡಕ, "ಸೌಟು ಮಿಲ್ಟ್ರಿ, ಈ ಕಡೀಕೂ ಒಸಿ ಬರ್ಲಿ" ಎಂದು ಕೂಗಿದ. ಪಂಕ್ತಿ ನಕ್ಕಿತು. "ಬತ್ತೀನಿ ಇರಪ್ಪ" ಎಂದು ಮಾವ ಬೆನ್ನು ನೇರ ಮಾಡಿ, ಸೌಟನ್ನು ಹೆಗಲಿಗೆ ತಾಗಿಸಿಕೊಂಡು ಒಂದು ಕ್ಷಣ ನಿಂತರು. ಫೋಟೋದಲ್ಲಿ ನಿಂತಿದ್ದ ಹಾಗೇ. ಆಮೇಲೆ ಅವನಿಗೂ ಬಡಿಸಲು ಹೋದರು.

ಕವರನ್ನು ತೊಡೆಯ ಕೆಳಗೆ ಇಟ್ಟುಕೊಂಡು, ತಲೆ ಎತ್ತದೆ ಮುದ್ದೆ ಮುರಿದೆ. ಸಾರಿಗೆ ಉಪ್ಪು ಸರಿಯಾಗಿತ್ತು.