ಬಿರುಕುಬಿಟ್ಟ ಬುರುಜಿನ ಎತ್ತರ

1941ರಲ್ಲಿ ನಾನು ಆಳಂದ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದೆ. ನಿಂಬರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಕಾವಲು ಬುರುಜು ಬುಡದಲ್ಲೇ ಬಿರುಕು ಬಿಟ್ಟಿತ್ತು. ಅದು ಎಷ್ಟು ಎತ್ತರವೋ ಅಷ್ಟು ದೂರದೊಳಗಿನ ಮನೆಗಳನ್ನು ಮಳೆಗಾಲಕ್ಕೆ ಮೊದಲೇ ಖಾಲಿ ಮಾಡಿಸಬೇಕೆಂದು ಹುಕುಂ ಬಂತು.

ನಾನು ಉಪಕರಣದ ಪೆಟ್ಟಿಗೆ ಬಿಚ್ಚುವ ಮೊದಲೇ ಊರಿನ ಪಾಟೀಲರು, "ಅರವತ್ತು ಅಡಿ ಐತ್ರಿ, ಬರಕೊಳ್ರಿ" ಎಂದರು. ಯಾರೂ ಹತ್ತಲಾಗದ ಬುರುಜಿನ ಅಳತೆ ಇವರಿಗೆ ಹೇಗೆ ಗೊತ್ತು? ಬುರುಜಿನಿಂದ ಐವತ್ತೈದು ಅಡಿಗೆ ವಿಧವೆ ಶರಣವ್ವನ ಮನೆಯಿತ್ತು. ಅದರ ಹಿಂದೆಯೇ ಪಾಟೀಲರ ದನದ ಕೊಟ್ಟಿಗೆ. ಆಕೆಯ ಜಾಗದ ಮೇಲೆ ಇವರ ಕಣ್ಣಿರಬಹುದೆಂದು ನನಗೆ ಗುಮಾನಿ ಬಂತು. ಅವರು ಕೊಟ್ಟ ಚಹಾ ಮುಟ್ಟಲಿಲ್ಲ.

ಶರಣವ್ವನಿಗೆ ನನ್ನ ಮೇಲೆಯೇ ಗುಮಾನಿ. ಕೋನ ಅಳೆಯುವ ಥಿಯೋಡಲೈಟಿನ ದುರ್ಬೀನಿನಲ್ಲಿ ತಾನೇ ಇಣುಕಿ ನೋಡಿ ಹಿಂದೆ ಸರಿದಳು. "ಬುರುಜ ತಲಿಕೆಳಗ ಕಾಣಾಕತ್ತೈತಿ! ಇದರ ಮಾತು ನಾ ಹ್ಯಾಂಗ ನಂಬ್ಲಿರಿ?"

ಆ ಕಾಲದ ದುರ್ಬೀನುಗಳೇ ಹಾಗೆ, ಚಿತ್ರ ತಿರುವುಮುರುವು. ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಮನೆಯಿಂದ ಒಂದು ಉದ್ದನೆಯ ಬಿದಿರಿನ ಗಳ ತಂದು ಗೋಡೆಗೆ ನೆಟ್ಟಗೆ ಕಟ್ಟಿಸಿದಳು. "ಇದು ಎಷ್ಟುದ್ದ ಐತಿ, ಮುಟ್ಟದ ಹೇಳ್ರಿ."

ದೂರ ನಿಂತು ಕೋನ ಹಿಡಿದೆ. "ಹದಿನೆಂಟು ಅಡಿ. ಅಂದರೆ ಹನ್ನೆರಡು ಮೊಳ."

ಆಕೆ ಮೊದಲೇ ಮೊಳ ಹಾಕಿ ನೋಡಿದ್ದಳಂತೆ. "ಹೌದ್ರಿ," ಎಂದಳು ಮೆಲ್ಲಗೆ. "ಈಗ ಬುರುಜ ಅಳೀರಿ."

ಬುರುಜಿನಿಂದ ಎಂಬತ್ತು ಅಡಿ ದೂರದಲ್ಲಿ ತುದಿಗೆ ಮೂವತ್ತೈದು ಡಿಗ್ರಿ ಕೋನ. ಅದರ ಟ್ಯಾಂಜೆಂಟ್ 0.7. ಎಂಬತ್ತರಿಂದ ಗುಣಿಸಿದರೆ ಐವತ್ತಾರು. ಉಪಕರಣದ ಎತ್ತರ ನಾಲ್ಕೂವರೆ ಕೂಡಿಸಿದರೆ ಅರವತ್ತೂವರೆ ಅಡಿ. ನಂಬದೆ ಇನ್ನೊಂದು ದಿಕ್ಕಿನಿಂದ ಅಳೆದೆ. ಅಷ್ಟೇ ಬಂತು.

"ಬುರುಜ ಗಟ್ಟಿ ಇದ್ದಾಗ ನಮ್ಮಪ್ಪ ಮ್ಯಾಲಿಂದ ಹಗ್ಗ ಇಳಿಬಿಟ್ಟು ಅಳ್ದಿದ್ರಿ," ಎಂದರು ಪಾಟೀಲರು. ನಾನು ತಲೆ ತಗ್ಗಿಸಿದೆ.

ಶರಣವ್ವ ಗೋಡೆಗೆ ಕಟ್ಟಿಸಿದ್ದ ಗಳ ಬಿಚ್ಚಿದಳು. "ಹೋಗ್ತೇನಿ. ಆದ್ರ ಜಾಗಾ ನಂದ ಅಂತ ಬರೀರಿ." ಪಾಟೀಲರ ಎದುರಿಗೇ ವರದಿಯಲ್ಲಿ ಬರೆದೆ, ಅವರ ಸಹಿಯನ್ನೂ ಹಾಕಿಸಿದೆ. ಸಹಿ ಹಾಕುವ ಮೊದಲು ಅವರು ಅದನ್ನು ಎರಡು ಸಲ ಓದಿದರು.

ಮೃಗಶಿರಾ ಮಳೆಗೆ ಬುರುಜು ಉರುಳಿತು. ಒಂದು ಕಲ್ಲು ಶರಣವ್ವನ ಅಡುಗೆಮನೆಯ ಗೋಡೆ ಒಡೆದು ಒಲೆಯ ಮೇಲೆ ಬಿದ್ದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಮರುವರ್ಷ ಆಕೆ ಅದೇ ಜಾಗದಲ್ಲಿ ಮನೆ ಕಟ್ಟಿಸಿದಳು.

ಪಾಟೀಲರಿಗೆ ಆ ಜಾಗದ ಮೇಲೆ ಕಣ್ಣಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಮನುಷ್ಯರ ಮನಸ್ಸು ಅಳೆಯುವ ಉಪಕರಣ ನಮ್ಮ ಇಲಾಖೆಯಲ್ಲಿ ಇರಲಿಲ್ಲ. ಆದರೆ ಅಂದಿನಿಂದ ನನ್ನ ಅಳತೆಯನ್ನು ಸಂಶಯಿಸಿದವರ ಮೇಲೆ ನಾನು ಸಿಟ್ಟಾಗಲಿಲ್ಲ. ಮೊದಲು ಅವರ ಕೈಗೇ ಟೇಪು ಕೊಡುತ್ತಿದ್ದೆ.